ಮೆಲ್ಬರ್ನ್‌ನಿಂದ ಮರಾಠವಾಡಕ್ಕೆ: ಜಾಕ್ ಗುಳಿಗೆಗಳ ದಾರಿ

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯ ನಡುವೆ, ಅಮೆರಿಕದ ಇಲೈ ಲಿಲ್ಲಿ ಕಂಪನಿ ತನ್ನ ಬ್ಯಾರಿಸಿಟಿನಿಬ್ ಗುಳಿಗೆ ತಯಾರಿಸಲು ಸಿಪ್ಲಾ, ಲುಪಿನ್, ಸನ್ ಫಾರ್ಮಾಗಳಿಗೆ ರಾಯಧನವಿಲ್ಲದೆ ಪರವಾನಗಿ ಕೊಟ್ಟಿತು. ಹೈದರಾಬಾದಿನ ನ್ಯಾಟ್ಕೊ ಅಷ್ಟರಲ್ಲಾಗಲೇ ಕಡ್ಡಾಯ ಪರವಾನಗಿಗೆ, ಅಂದರೆ ಪೇಟೆಂಟ್ ಒಡೆಯರ ಒಪ್ಪಿಗೆಯಿಲ್ಲದೆ ತಯಾರಿಸಲು ಸರ್ಕಾರ ಕೊಡುವ ಅನುಮತಿಗೆ, ಅರ್ಜಿ ಹಾಕಿತ್ತು. ನಮ್ಮಲ್ಲಿ ಬಹುತೇಕರು ಆ ಹೆಸರು ಕೇಳಿದ್ದೇ ಆಗ. ಆದರೆ ಅದು ಕೋವಿಡ್‌ಗೆಂದು ಹುಟ್ಟಿದ ಔಷಧಿಯಲ್ಲ. ಕೀಲು ಸವೆಸುವ ರುಮಟಾಯ್ಡ್ ಸಂಧಿವಾತಕ್ಕೆ ಕೊಡುತ್ತಿದ್ದದ್ದು. ಆ ಪರವಾನಗಿ ಪಡೆದ ಲುಪಿನ್‌ನ ಕಾರ್ಖಾನೆಗಳಲ್ಲಿ ಒಂದು ಮರಾಠವಾಡದ ಛತ್ರಪತಿ ಸಂಭಾಜಿನಗರದಲ್ಲಿದೆ, ಅಂದರೆ ಹಳೆಯ ಔರಂಗಾಬಾದಿನಲ್ಲಿ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳ ಜೊತೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಊರು ಅದು. ಜೋಳದ ರೊಟ್ಟಿಯನ್ನು ಅಲ್ಲಿ ಭಾಕರಿ ಎನ್ನುತ್ತಾರೆ. ಬೆಳಗ್ಗೆ ಎದ್ದು ಒಂದು ತಾಸಾದರೂ ಬೆರಳು ಮಡಚಲಾಗದೆ, ಹಿಟ್ಟು ನಾದಲಾಗದೆ ಕೂರುವ ಹೆಂಗಸರ ಕಷ್ಟ ಎರಡೂ ಕಡೆ ಒಂದೇ.

ಬ್ಯಾರಿಸಿಟಿನಿಬ್‌ನಂಥ, ಜಾಕ್ ಎಂಬ ಕಿಣ್ವಗಳನ್ನು ತಡೆಯುವ ಔಷಧಿಗಳ ಮೂಲ 1980ರ ದಶಕದ ಕೊನೆಯಲ್ಲಿದೆ. ಮೆಲ್ಬರ್ನ್‌ನ ಲುಡ್ವಿಗ್ ಸಂಸ್ಥೆಯಲ್ಲಿ ಆಂಡ್ರ್ಯೂ ವಿಲ್ಕ್ಸ್ ಹೊಸ ಕೈನೇಸ್ ಕಿಣ್ವಗಳನ್ನು ಹುಡುಕುತ್ತಿದ್ದರು. ಸಿಕ್ಕ ಜಾಕ್ ಕಿಣ್ವಗಳ ಕೆಲಸ ಏನೆಂದು ಮೊದಮೊದಲು ಯಾರಿಗೂ ತಿಳಿಯಲಿಲ್ಲ. 90ರ ದಶಕದಲ್ಲಿ ಚಿತ್ರ ಕೂಡಿಬಂತು. ಸೈಟೊಕೈನ್ ಎಂಬ ಸಂದೇಶ ಪ್ರೋಟೀನು ಕೋಶದ ಹೊರಮೈಗೆ ಬಂದು ಅಂಟಿದಾಗ ಒಳಬದಿಯ ಜಾಕ್ ಎಚ್ಚೆತ್ತುಕೊಂಡು ಸ್ಟ್ಯಾಟ್ ಎಂಬ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಕೂಡಿಸುತ್ತದೆ. ಸ್ಟ್ಯಾಟ್ ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಜಾಕ್1, ಜಾಕ್2, ಜಾಕ್3, ಟಿಕ್2 ಎಂದು ಒಟ್ಟು ನಾಲ್ಕು. 1995ರಲ್ಲಿ ತಿಳಿದ ಸಂಗತಿ ಎಲ್ಲಕ್ಕಿಂತ ಮುಖ್ಯ: ಜಾಕ್3 ಕೆಟ್ಟಿರುವ ಮಕ್ಕಳಿಗೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲ. ಪೂರ್ತಿ ಇಲ್ಲದಿದ್ದರೆ ಇಷ್ಟು ಅನಾಹುತವಾಗುವುದಾದರೆ, ಸ್ವಲ್ಪ ತಗ್ಗಿಸಿದರೆ ತನ್ನ ದೇಹದ ಮೇಲೇ ತಿರುಗಿಬಿದ್ದ ನಿರೋಧಕ ವ್ಯವಸ್ಥೆಯನ್ನು ಹತೋಟಿಗೆ ತರಬಹುದಲ್ಲವೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜಾನ್ ಓಷೇ ಹಿಡಿದ ಎಳೆ ಇದು. ಫೈಝರ್ ಜೊತೆಗಿನ ಆ ಕೆಲಸದಿಂದ ಟೋಫಾಸಿಟಿನಿಬ್ ಬಂತು. 2012ರ ನವೆಂಬರಿನಲ್ಲಿ ಸಂಧಿವಾತಕ್ಕೆ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಅಲ್ಲಿಯವರೆಗೆ ಸಂಧಿವಾತಕ್ಕೆ ಮೊದಲು ಕೊಡುವ ಮೆಥೊಟ್ರೆಕ್ಸೇಟ್‌ಗೆ ಬಗ್ಗದ ರೋಗಕ್ಕೆ ಹೆಚ್ಚಾಗಿ ಟಿಎನ್‌ಎಫ್ ಎಂಬ ಉರಿಯೂತದ ಸೈಟೊಕೈನನ್ನು ತಡೆಯುವಂಥ ಇಂಜೆಕ್ಷನ್‌ಗಳೇ ಗತಿಯಾಗಿದ್ದವು. ಅವಕ್ಕೆ ಫ್ರಿಜ್ ಬೇಕು, ಕೈತುಂಬ ಹಣ ಬೇಕು. ಬಾಯಲ್ಲಿ ನುಂಗುವ ಗುಳಿಗೆ ಅದೇ ಮಟ್ಟದ ಉಪಶಮನ ಕೊಟ್ಟದ್ದು ನಿಜಕ್ಕೂ ದೊಡ್ಡ ಸಂಗತಿ. ನಂತರದ ಹತ್ತು ವರ್ಷ ಓಟವೇ ಓಟ: 2019ರಲ್ಲಿ ಉಪಾಡಾಸಿಟಿನಿಬ್, 2022ರಲ್ಲಿ ಕೂದಲು ಉದುರುವ ಅಲೊಪೀಷಿಯಾ ಏರಿಯೇಟಾಕ್ಕೆ ಬ್ಯಾರಿಸಿಟಿನಿಬ್, ಅದೇ ವರ್ಷ ತೊನ್ನಿಗೆ ರುಕ್ಸೊಲಿಟಿನಿಬ್ ಕ್ರೀಮು, ಸೋರಿಯಾಸಿಸ್‌ಗೆ ಟಿಕ್2 ಒಂದನ್ನೇ ಗುರಿಯಿಡುವ ಡ್ಯೂಕ್ರಾವಾಸಿಟಿನಿಬ್. 2024ರ ಫೆಬ್ರವರಿಯಲ್ಲಿ ಫೈಝರ್ ಮತ್ತು ಗ್ಲೆನ್‌ಮಾರ್ಕ್ ಸೇರಿ ತೀವ್ರ ಎಕ್ಸಿಮಾಕ್ಕೆ ಅಬ್ರೊಸಿಟಿನಿಬ್ ಅನ್ನು ಭಾರತಕ್ಕೆ ತಂದವು.  ಟೋಫಾಸಿಟಿನಿಬ್‌ನ ಜೆನೆರಿಕ್‌ಗಳನ್ನಂತೂ ಈಗ ಹಲವು ಭಾರತೀಯ ಕಂಪನಿಗಳು ಮಾರುತ್ತಿವೆ.

ಎಚ್ಚರಿಕೆ ತಡವಾಗಿ ಬಂತು. 50 ದಾಟಿದ, ಹೃದಯದ ಕಾಯಿಲೆಗೆ ಒಂದಾದರೂ ಅಪಾಯಕಾರಿ ಅಂಶವಿದ್ದ 4,362 ಸಂಧಿವಾತ ರೋಗಿಗಳ ಅಧ್ಯಯನದಲ್ಲಿ ಗಂಭೀರ ಹೃದಯ ಮತ್ತು ರಕ್ತನಾಳದ ತೊಂದರೆ ಟೋಫಾಸಿಟಿನಿಬ್ ತೆಗೆದುಕೊಂಡವರಲ್ಲಿ ಶೇ 3.4, ಟಿಎನ್‌ಎಫ್ ಇಂಜೆಕ್ಷನ್‌ನವರಲ್ಲಿ ಶೇ 2.5 ಕಂಡುಬಂತು. ಕ್ಯಾನ್ಸರ್ ಶೇ 4.2 ಮತ್ತು 2.9. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಬೀಡಿ–ಸಿಗರೇಟು ಸೇದುವ ವಯಸ್ಸಾದವರಿಗೆ ಬೇರೆ ದಾರಿ ಇಲ್ಲದಾಗ ಮಾತ್ರ ಇದು ಎಂದು ನಾನು ಓದಿಕೊಳ್ಳುತ್ತೇನೆ. ಕಿರಿಯರಿಗೂ ಹೆದರಿ ತಡೆಹಿಡಿಯುವುದು ಸರಿಯಲ್ಲ.

ನಮ್ಮ ನೆಲದ ಮುಖ್ಯ ಭಯ ಕ್ಷಯ. ಜಾಕ್ ತಡೆದಾಗ ದೇಹದಲ್ಲಿ ಅಡಗಿ ಮಲಗಿರುವ ಕ್ಷಯದ ರೋಗಾಣು ಏಳಬಹುದು, ಸರ್ಪಸುತ್ತು ಹೆಚ್ಚು. ಹಾಗಾಗಿ ಶುರುವಿಗೆ ಮುಂಚೆ ಎದೆಯ ಎಕ್ಸ್‌ರೇ, ಅಡಗಿದ ಕ್ಷಯ ಹುಡುಕುವ ಮಾಂಟೂ ಅಥವಾ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಬಿ–ಸಿ ತಪಾಸಣೆ ಆಗಬೇಕು. ಆಮೇಲೆ ಕೆಲವು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ, ಲಿವರ್, ಕೊಲೆಸ್ಟ್ರಾಲ್. ಅಡಗಿದ ಕ್ಷಯ ಸಿಕ್ಕರೆ ತಡೆ ಚಿಕಿತ್ಸೆ ಶುರುಮಾಡಿ ಕನಿಷ್ಠ ಒಂದು ತಿಂಗಳು ಕಳೆದ ಮೇಲೆಯೇ ಈ ಗುಳಿಗೆ ಶುರುಮಾಡಬೇಕು. ಇನ್ನೊಂದು ತೊಡಕು ಕಡಿಮೆ ಜನಕ್ಕೆ ಗೊತ್ತು: ಕ್ಷಯದ ಚಿಕಿತ್ಸೆಯ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಚುರುಕುಗೊಳಿಸಿ ಟೋಫಾಸಿಟಿನಿಬ್ ಅನ್ನು ರಕ್ತದಿಂದ ಬೇಗನೆ ಕರಗಿಸಿಬಿಡುತ್ತದೆ. ಗುಳಿಗೆ ನುಂಗುತ್ತಿದ್ದರೂ ಕೀಲು ಊದುತ್ತದೆ. ರೋಗಿ ಔಷಧಿಯನ್ನು ಬೈಯುತ್ತಾಳೆ.

ಇಂಜೆಕ್ಷನ್ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋಗುವಾಗ ತಪಾಸಣೆಯೂ ಜೊತೆಗೆ ಆಗುತ್ತಿತ್ತು. ಗುಳಿಗೆಗೆ ಆ ಕಟ್ಟು ಇಲ್ಲ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತಿಂಗಳುಗಟ್ಟಲೆ ಒಯ್ಯಬಹುದು, ಸಂಧಿವಾತ ತಜ್ಞರು ಇರುವುದೋ ಹೆಚ್ಚಾಗಿ ಮುಂಬೈ–ಪುಣೆಯಂಥ ಊರುಗಳಲ್ಲಿ. ಸಂಭಾಜಿನಗರದಲ್ಲಿ ಘಾಟಿ ಎಂದು ಜನ ಕರೆಯುವ ಸರ್ಕಾರಿ ಆಸ್ಪತ್ರೆಯಿದೆ. ಮಹಾರಾಷ್ಟ್ರದ ವೈದ್ಯಕೀಯ ಕಾಲೇಜುಗಳು ಸೇರಿರುವ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಾಶಿಕ್‌ನಲ್ಲಿದೆ. ಈ ಗುಳಿಗೆ ತೆಗೆದುಕೊಳ್ಳುವ ಪ್ರತಿ ರೋಗಿಯ ಕ್ಷಯ ತಪಾಸಣೆ, ರಕ್ತದ ವರದಿ, ಸರ್ಪಸುತ್ತು ಬಂತೇ ಇಲ್ಲವೇ ಎಂಬುದನ್ನು ಇಂಥ ಸಂಸ್ಥೆಗಳೇ ಒಂದು ದಾಖಲೆಪುಸ್ತಕದಲ್ಲಿ ಬರೆದಿಡಬೇಕು. ಕಲಬುರಗಿಯಲ್ಲೂ ಅದೇ ನಮೂನೆ ನಡೆದರೆ, ಕ್ಷಯ ಕಡಿಮೆ ಇರುವ ದೇಶಗಳ ಅಂಕಿಗಳನ್ನೇ ನೆಚ್ಚಿ ಔಷಧಿ ಬರೆಯುವ ಪಾಡು ನಮ್ಮ ವೈದ್ಯರಿಗೆ ತಪ್ಪುತ್ತದೆ.