ಕಾಲುವೆ ಕಾಯುವವರ ಕಮಾನು ಮನೆಗಳು

ನೀರಗಂಟಿ ಅಂದರೆ ಯಾರೆಂದು ಸಂಘದ ಸದಸ್ಯ ಬಾಂಧವರಿಗೆ ನಾವು ಹೇಳಬೇಕಾಗಿಲ್ಲ. ತೂಬು ಎತ್ತುವವನು, ಏರಿ ನೋಡಿಕೊಳ್ಳುವವನು. ಇಂಗ್ಲೆಂಡ್ ದೇಶದ ಕಾಲುವೆಗಳಿಗೂ ಇಂಥ ಕಾವಲುಗಾರರು ಇದ್ದರು. ಆದರೆ ಆ ಕಾಲುವೆಗಳು ಗದ್ದೆಗೆ ನೀರು ಹಾಯಿಸಲು ತೋಡಿದವಲ್ಲ. ಕಲ್ಲಿದ್ದಲು ಮುಂತಾದ ಸರಕು ತುಂಬಿದ ದೋಣಿಗಳನ್ನು ಕುದುರೆ ಕಟ್ಟಿ ಎಳೆಸಲು ತೋಡಿದಂಥವು. ಅವುಗಳಲ್ಲಿ ಒಂದಾದ ಸ್ಟ್ರಾಟ್‌ಫರ್ಡ್ ಕಾಲುವೆಯ ದಂಡೆಯ ಮನೆಗಳನ್ನು ಇಲ್ಲಿ ಪರಿಚಯಿಸಲು ಇಚ್ಛಿಸುತ್ತೇವೆ.

1793ರಲ್ಲಿ ಹಿಡಿದ ಕೆಲಸ ದುಡ್ಡಿನ ಮುಗ್ಗಟ್ಟಿನಿಂದ ನಿಂತು ನಿಂತು ಸಾಗಿತು. ಸುಮಾರು 40 ಕಿ.ಮೀ. ಉದ್ದದ ಕಾಲುವೆ ಸ್ಟ್ರಾಟ್‌ಫರ್ಡ್ ಊರು ಮುಟ್ಟಿದ್ದು 1816ರಲ್ಲಿ. ದಕ್ಷಿಣದ ಭಾಗ ಕಟ್ಟಿಸಿದ ಇಂಜಿನಿಯರು ವಿಲಿಯಂ ವಿಟ್‌ಮೋರ್. ದೋಣಿಯನ್ನು ಏರಿಸಿ ಇಳಿಸುವ ಗೇಟುಕಟ್ಟೆಗೆ ಅಲ್ಲಿ ಲಾಕ್ ಎನ್ನುತ್ತಾರೆ. ಅಲ್ಲಲ್ಲಿ ಲಾಕಿನ ಪಕ್ಕದಲ್ಲೇ ಕಾವಲುಗಾರನ ಸಂಸಾರಕ್ಕೊಂದು ಇಟ್ಟಿಗೆ ಮನೆ. ದಂಡೆ ಸೋರಿದರೆ ನೀರು ಹೋಯಿತು, ನೀರು ಹೋದರೆ ದೋಣಿ ನಿಂತಿತು. ಆದ್ದರಿಂದ ಅವನು ಹತ್ತಿರವೇ ಇರಬೇಕಿತ್ತು.

ಮನೆ ಒಂದೇ ಅಂತಸ್ತು. ನೋಡುವಂಥದ್ದು ಅದರ ಮಾಡು. ತೊಲೆಯಿಲ್ಲ, ಇಳಿಜಾರಿಲ್ಲ, ನಮ್ಮ ಕಮಾನುಗಾಡಿಯ ಮೇಲ್ಮುಚ್ಚಿಗೆಯಂತೆ ಗುಂಡಗೆ ಬಾಗಿದ ಇಟ್ಟಿಗೆ ಕಮಾನು. ಸೇತುವೆ, ಸುರಂಗ ಕಟ್ಟಿ ಪಳಗಿದವರು ಮನೆಗೂ ಅದೇ ವಿದ್ಯೆ ಹಾಕಿದರು, ಸೇತುವೆಗೆ ಕೊಟ್ಟ ಮರದ ಅಚ್ಚನ್ನೇ ಇಲ್ಲೂ ಕೊಟ್ಟರು ಅಂತ ಹೇಳಿಕೆ. ಖರ್ಚಿನ ಲೆಕ್ಕ ಬಲ್ಲವರಿಗೆ ಇದು ನಂಬುವ ಮಾತೇ ಸರಿ. ಅಲ್ಲಿನ ಸಣ್ಣ ಸೇತುವೆಗಳಲ್ಲೂ ಅದೇ ಜಾಣತನ: ಎರಕದ ಕಬ್ಬಿಣದ ಎರಡು ತುಂಡು, ನಡುವೆ ಬೆರಳಗಲದ ಸಂದು. ಹಗ್ಗ ಆ ಸಂದಿನಲ್ಲಿ ನುಸುಳಿ ಹೋಗುತ್ತಿದ್ದುದರಿಂದ ಕುದುರೆ ಬಿಚ್ಚುವ ಕೆಲಸವೇ ಇರಲಿಲ್ಲ.

ರೈಲು ಬಂದ ಮೇಲೆ ದೋಣಿ ಕಮ್ಮಿಯಾದವು, ಕಾಲುವೆ ಹೂಳು ತುಂಬಿತು. 1958ರಲ್ಲಿ ಕೌಂಟಿ ಕೌನ್ಸಿಲಿನವರು ಇದನ್ನು ಕೈಬಿಡಲು ಅನುಮತಿ ಕೇಳಿದರು. ಕಾಲುವೆ ಬಳಕೆಯಲ್ಲೇ ಇಲ್ಲವೆಂಬುದು ಅವರ ವಾದ. ಆಗ ಉಳಿಸಿದ್ದು ಏನು ಗೊತ್ತೆ? ಸಣ್ಣ ದೋಣಿಯಲ್ಲಿ ಹೋದವರು ಸುಂಕ ಕಟ್ಟಿ ಪಡೆದಿದ್ದ, ತಾರೀಕು ಬರೆದ ಚೀಟಿಗಳು! ಅರ್ಜಿ ಬಿದ್ದುಹೋಯಿತು. ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1960ರಲ್ಲಿ ದಕ್ಷಿಣದ ಭಾಗವನ್ನು ಗುತ್ತಿಗೆಗೆ ಹಿಡಿಯಿತು. ಡೇವಿಡ್ ಹಚಿಂಗ್ಸ್ ಅವರ ಮುಂದಾಳುತನದಲ್ಲಿ ಸ್ವಯಂಸೇವಕರು, ಸಿಪಾಯಿಗಳು, ಜೈಲಿನ ಕೈದಿಗಳು ಕೂಡ ಕೆಸರಿಗಿಳಿದು ಹೂಳೆತ್ತಿದರು. 1964ರ ಜುಲೈ 11ರಂದು ರಾಜಮಾತೆ ಎಲಿಜಬೆತ್ ಅವರು ಕಾಲುವೆಯನ್ನು ಮತ್ತೆ ತೆರೆದರು.

ಕಮಾನು ಮನೆಗಳು ಕೆಲವು ಈಗಲೂ ನಿಂತಿವೆ. ಲೋಸನ್‌ಫರ್ಡ್ ಹಳ್ಳಿಯ ಮನೆಯನ್ನು ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತದೆ. ದಂಡೆ ಕಾಯುವವನು ಮಲಗುತ್ತಿದ್ದ ಕಮಾನಿನಡಿ ಈಗ ರಜೆಗೆ ಬಂದವರು ಮಲಗುತ್ತಾರೆ.