ಮೂರು ಭಾರತ, ಮೂರು ಪಟ್ಟ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಮಗ ಜಾಲಹಳ್ಳಿಯ ನಮ್ಮ ಮನೆಗೆ ಬಂದ. ಬಂದವನೇ ಕಾಫಿಯನ್ನೂ ಮುಟ್ಟದೆ, "ಅಕ್ಕ, ನೀನು ಹಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡ್ತಿದೀಯಲ್ಲ, ಇದೊಂದು ನಂಗೆ ಅರ್ಥ ಮಾಡಿಸು" ಎಂದು ಫೋನನ್ನು ನನ್ನ ಮುಂದೆ ಹಿಡಿದ. ಅವನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಮಷೀನು ನಡೆಸುತ್ತಾನೆ. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದ ಹೊತ್ತಿನಲ್ಲಿ ಜಪಾನಿನ ಅನಿಮೆ ನೋಡುವುದು ಅವನ ಅಭ್ಯಾಸ. ಜಾಲಹಳ್ಳಿಗೆ ಜಪಾನು ಹೊಸದೇನಲ್ಲ ಬಿಡಿ. 1961ರಲ್ಲಿ ಎಚ್‌ಎಂಟಿ ಇಲ್ಲಿ ಕೈಗಡಿಯಾರ ಮಾಡಲು ತೊಡಗಿದ್ದೇ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ. ಆದರೆ ಗಡಿಯಾರ ತೋರಿಸುವ ಹೊತ್ತು ಯಾರಿಗಾದರೂ ಅರ್ಥವಾಗುತ್ತದೆ. ಇವನು ತಂದ ತಕರಾರು ಅಷ್ಟು ಸುಲಭದ್ದಾಗಿರಲಿಲ್ಲ.

ಅವನು ನೋಡಿ ಮುಗಿಸಿದ್ದು 'ನಿಯಾನ್ ಜೆನೆಸಿಸ್ ಎವಾಂಗೆಲಿಯನ್' ಎಂಬ ಸರಣಿ. 1995ರ ಅಕ್ಟೋಬರ್ 4ರಿಂದ 1996ರ ಮಾರ್ಚ್ 27ರವರೆಗೆ ಟಿವಿ ಟೋಕಿಯೊದಲ್ಲಿ ಬಂದ ಇಪ್ಪತ್ತಾರು ಕಂತುಗಳು. ನಿರ್ದೇಶಕ ಹಿಡೆಯಾಕಿ ಆನೋ. ಶಿಂಜಿ ಎಂಬ ಹದಿನಾಲ್ಕು ವರ್ಷದ ಹುಡುಗನನ್ನು ಎಷ್ಟೋ ವರ್ಷ ದೂರ ಇಟ್ಟಿದ್ದ ತಂದೆ ಒಂದು ದಿನ ಕರೆಸಿಕೊಳ್ಳುತ್ತಾನೆ. ಮಗನ ಮೇಲಿನ ಪ್ರೀತಿಗಲ್ಲ, ಒಂದು ದೈತ್ಯಯಂತ್ರದೊಳಗೆ ಕೂರಿಸಿ ಯುದ್ಧಕ್ಕೆ ಕಳಿಸಲು. ಇಪ್ಪತ್ತನಾಲ್ಕು ಕಂತು ಈ ಯುದ್ಧ ಏರುತ್ತಲೇ ಹೋಗುತ್ತದೆ. ಕೊನೆಯ ಎರಡು ಕಂತಿನಲ್ಲಿ ಯುದ್ಧವೇ ಮಾಯ. ಕತ್ತಲೆ ತುಂಬಿದ ಹಾಲಿನಲ್ಲಿ ಮಡಚುವ ಕುರ್ಚಿಯ ಮೇಲೆ ಹುಡುಗ ಕೂತಿದ್ದಾನೆ. ಉಳಿದವರು ಒಬ್ಬೊಬ್ಬರಾಗಿ ಅವನನ್ನು ವಿಚಾರಿಸುತ್ತಾರೆ. ಬಣ್ಣದ ಚಿತ್ರ ಪೆನ್ಸಿಲ್ ಗೀರುಗಳಾಗುತ್ತದೆ, ಬರೆದ ಸ್ಕ್ರಿಪ್ಟಿನ ಹಾಳೆಗಳೇ ತೆರೆಯ ಮೇಲೆ ಬರುತ್ತವೆ. ಕಟ್ಟಕಡೆಗೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ ಅಭಿನಂದಿಸುತ್ತಾರೆ. ಅವನ ಅಪ್ಪನೂ, ಎಂದೋ ಇಲ್ಲವಾದ ಅಮ್ಮನೂ. ಹುಡುಗ ನಗುತ್ತಾನೆ. ಕತೆ ಮುಗಿಯಿತು.

ಯುದ್ಧ ಗೆದ್ದರೋ ಸೋತರೋ? ಊರು ಉಳಿಯಿತೋ? ಒಂದೂ ಗೊತ್ತಾಗುವುದಿಲ್ಲ.

ನಾನು ಚರಿತ್ರೆಯ ವಿದ್ಯಾರ್ಥಿಗಳು ಕೊಡುವಂಥ ಉತ್ತರವನ್ನೇ ಕೊಟ್ಟೆ. ವಾರವಾರವೂ ಪ್ರಸಾರವಾಗಬೇಕಿದ್ದ ಸರಣಿ ಕೊನೆಗೊನೆಗೆ ಸಮಯದ ಅಭಾವದಲ್ಲಿ ತತ್ತರಿಸಿತ್ತು. ನಿರ್ದೇಶಕ ಅದಕ್ಕೆ ಮುಂಚೆ ವರ್ಷಗಟ್ಟಲೆ ಖಿನ್ನತೆಯಲ್ಲಿ ನರಳಿದ್ದವನು. 1995ರ ಜನವರಿಯಲ್ಲಿ ಕೋಬೆಯ ಭೂಕಂಪ, ಮಾರ್ಚಿನಲ್ಲಿ ಟೋಕಿಯೊ ಸುರಂಗ ರೈಲುಗಳಲ್ಲಿ ಓಮ್ ಶಿನ್ರಿಕ್ಯೊ ಪಂಥದವರ ವಿಷಾನಿಲ ದಾಳಿ. ಆ ವರ್ಷದ ಜಪಾನಿನಲ್ಲಿ ಜಗತ್ತು ಮುಗಿಯುವ ಕತೆಯನ್ನು ಹಗುರವಾಗಿ ಹೇಳಲು ಬರುತ್ತಿರಲಿಲ್ಲ. ಇಷ್ಟನ್ನೂ ಹೇಳಿ ಗೆದ್ದವಳಂತೆ ಅವನ ಮುಖ ನೋಡಿದೆ.

"ಅವ್ರು ಯಾಕೆ ಹಂಗೆ ಮಾಡಿದ್ರು ಅನ್ನೋದು ಆಯ್ತಕ್ಕ. ನಾನು ಕೇಳಿದ್ದು ಅದಲ್ಲ. ಆ ಹುಡುಗನಿಗೆ ಏನಾಯ್ತು?"

ಚಿಕ್ಕಪ್ಪ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಅಪ್ಪ ಮಗ ಕೊನೆಯ ಎರಡು ವರ್ಷ ಸರಿಯಾಗಿ ಮಾತಾಡಿರಲಿಲ್ಲ. ನನಗೆ ಅದು ಹೊಳೆದದ್ದು ಅವನು ಕಾಫಿ ಕುಡಿದು ಎದ್ದುಹೋದ ಮೇಲೆ.

ಕೃತಿಯ ಮುಕ್ತಾಯ ಗೊಂದಲ ಹುಟ್ಟಿಸಿದಾಗ ನಾವು ಎರಡು ಬೇರೆಬೇರೆ ಪ್ರಶ್ನೆ ಕೇಳುತ್ತೇವೆ. ಇದನ್ನು ಹೀಗೆ ಮುಗಿಸಿದ್ದೇಕೆ ಎಂಬುದೊಂದು, ಒಳಗಿರುವವರ ಗತಿ ಏನಾಯಿತು ಎಂಬುದೊಂದು. ನನ್ನ ಓದು ನನಗೆ ಕಲಿಸಿದ್ದು ಮೊದಲನೆಯದನ್ನು ಮಾತ್ರ. ಅದು ಎಲ್ಲಿಯವರೆಗೆ ನಡೆಯುತ್ತದೆ ಎಂದು ನೋಡಲು ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಕನ್ನಡದ ಮೂವರು ದೊಡ್ಡ ಕವಿಗಳು ಒಂದೇ ಮಹಾಭಾರತವನ್ನು ಹೇಳಿದರು. ಕುರುಕ್ಷೇತ್ರ ಮುಗಿದ ಮೇಲೆ ಮೂವರೂ ಮೂರು ಬೇರೆ ತಲೆಗಳ ಮೇಲೆ ಕಿರೀಟ ಇಟ್ಟರು.

ಮೊದಲು ಪಂಪ. 941ರ ಸುಮಾರಿನ ಅವನ 'ವಿಕ್ರಮಾರ್ಜುನ ವಿಜಯ'ದ ಕೊನೆಯಲ್ಲಿ ಹಸ್ತಿನಾವತಿಯ ಪಟ್ಟ ಧರ್ಮರಾಯನಿಗೆ ಸಿಗುವುದಿಲ್ಲ. ಅರ್ಜುನನಿಗೆ ಸಿಗುತ್ತದೆ. ಪಕ್ಕದಲ್ಲಿ ಪಟ್ಟದರಸಿಯಾಗಿ ಕೂರುವವಳು ಸುಭದ್ರೆ. ವ್ಯಾಸಭಾರತ ಬಲ್ಲ ಯಾರಿಗಾದರೂ ಇದು ದಿಗಿಲು ಹುಟ್ಟಿಸಬೇಕು. ಅದಕ್ಕಿಂತ ದಿಗಿಲಿನ ಸಂಗತಿ, ಪಂಪನ ಕಾವ್ಯದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಹಾಗಿದ್ದೂ ಪಟ್ಟದ ದಿನ ಗಂಡನ ಪಕ್ಕ ಅವಳಿಲ್ಲ.

ಹೊರಗಿನ ಕಾರಣ ಗೊತ್ತಿರುವಂಥದ್ದೇ. ಪಂಪನ ಆಶ್ರಯದಾತ ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿ. ಕವಿ ಅವನನ್ನು ಅರ್ಜುನನೊಂದಿಗೆ ಬೆಸೆದು ಕಾವ್ಯ ಕಟ್ಟಿದ. ನಾಯಕನಿಗೆ ಪಟ್ಟವಾಗದೆ ಕಾವ್ಯ ಮುಗಿಯುವಂತಿರಲಿಲ್ಲ. ವೇಮುಲವಾಡ ಈಗ ತೆಲಂಗಾಣದಲ್ಲಿದೆ, ರಾಜರಾಜೇಶ್ವರನ ಗುಡಿಗೆ ಹೆಸರಾದ ಊರು. ಅಲ್ಲಿನ ಅರಿಕೇಸರಿ ರಾಷ್ಟ್ರಕೂಟರ ಸಾಮಂತ, ಆದರೆ ಸಾಮಾನ್ಯ ಸಾಮಂತನಲ್ಲ. ತನ್ನ ಮರೆಹೊಕ್ಕ ವಿಜಯಾದಿತ್ಯನನ್ನು ಚಕ್ರವರ್ತಿ ನಾಲ್ವಡಿ ಗೋವಿಂದನಿಗೆ ಒಪ್ಪಿಸದೆ ಎದುರು ನಿಂತವನು, ಆ ಗೋವಿಂದನನ್ನು ಇಳಿಸಿ ಬದ್ದೆಗನನ್ನು ಸಿಂಹಾಸನಕ್ಕೆ ಏರಿಸಿದವರಲ್ಲಿ ಮುಖ್ಯ. ಇದನ್ನು ಪಂಪ ತನ್ನ ಕಾವ್ಯದಲ್ಲೇ ಹೆಮ್ಮೆಯಿಂದ ಹೇಳುತ್ತಾನೆ. ಚಕ್ರವರ್ತಿಯನ್ನು ಮಾಡಬಲ್ಲವನು, ಚಕ್ರವರ್ತಿಯಾಗಲಾರದವನು. ಅಣ್ಣನಿರುವಾಗ ತಮ್ಮನಿಗೆ ಪಟ್ಟವಾಗುವ ಕತೆ ಅಂಥವನ ಕಿವಿಗೆ ಹೇಗೆ ಕೇಳಿಸಿರಬೇಕು ಎಂದು ಯೋಚಿಸಿದರೆ ಈ ಮುಕ್ತಾಯ ಒಮ್ಮೆಗೇ ತಿಳಿಯಾಗುತ್ತದೆ. ಸುಭದ್ರೆಯ ವಿಷಯವೂ ಅಷ್ಟೆ. ಅವಳು ಯಾದವರ ಮಗಳು. ರಾಷ್ಟ್ರಕೂಟರು ಆ ಹೊತ್ತಿಗೆ ತಾವು ಯದುವಂಶದವರೆಂದು ಹೇಳಿಕೊಳ್ಳುತ್ತಿದ್ದರು, ಅರಿಕೇಸರಿ ಅವರ ಮನೆಯಿಂದ ಹೆಣ್ಣು ತಂದಿದ್ದ. ಸುಭದ್ರೆ ಅರಿಕೇಸರಿಯ ರಾಣಿಯಂತೆ ಕಾಣಲಿ ಎಂಬುದು ಕವಿಯ ಲೆಕ್ಕವಾಗಿತ್ತೆಂದು ನಾನು ಓದುತ್ತೇನೆ.

ಲೆಕ್ಕ ಸರಿ. ಆದರೂ ಇದೇ ಪಂಪ ಕರ್ಣನ ಸಾವಿನ ಹೊತ್ತಿಗೆ ಅರ್ಜುನನನ್ನು ಬದಿಗಿಟ್ಟು ಕರ್ಣನನ್ನೇ ನೆನೆಯಿರಿ ಎಂದು ಓದುಗರಿಗೆ ಹೇಳಿದವನು. ಪಟ್ಟ ಅರಸನಿಗೆ ಹೋಯಿತು, ಮನಸ್ಸು ಬೇರೆಲ್ಲೋ ಉಳಿಯಿತು.

ಅರ್ಧ ಶತಮಾನದಷ್ಟು ಮುಂದೆ ಬಂದರೆ ರನ್ನ. ಮುಧೋಳದ ಬಳೆಗಾರರ ಮನೆಯ ಹುಡುಗ, ಕಲ್ಯಾಣದ ಚಾಲುಕ್ಯರ ಸತ್ಯಾಶ್ರಯನನ್ನು ಭೀಮನಾಗಿಸಿ 'ಸಾಹಸಭೀಮ ವಿಜಯ' ಬರೆದ. ಅಲ್ಲಿ ಪಟ್ಟ ಭೀಮನಿಗೆ, ಪಕ್ಕದಲ್ಲಿ ದ್ರೌಪದಿ. ಕಾರಣ ಮತ್ತೆ ಅದೇ, ಬಿಡಿಸಿ ಹೇಳಬೇಕಿಲ್ಲ. ಆ ಕಾವ್ಯವನ್ನು ಓದಿ ಮುಚ್ಚಿಟ್ಟವರಿಗೆ ಭೀಮನ ಪಟ್ಟಾಭಿಷೇಕ ನೆನಪಿರುತ್ತದೆಯೇ ಎಂದು ನನಗೆ ಅನುಮಾನ. ನೆನಪಿರುವುದು ರಣರಂಗದಲ್ಲಿ ಹೆಣಗಳನ್ನು ದಾಟುತ್ತ ನಡೆಯುವ ದುರ್ಯೋಧನ.

ಮೂರನೆಯವನು ಗದುಗಿನ ನಾರಣಪ್ಪ, ನಮ್ಮ ಕುಮಾರವ್ಯಾಸ. ಅವನಲ್ಲಿ ಪಟ್ಟ ಧರ್ಮರಾಯನಿಗೆ, ಅಂದರೆ ಕತೆಯ ಪ್ರಕಾರ ಸಲ್ಲಬೇಕಾದವನಿಗೇ. ಗೊಂದಲ ಇರುವುದು ಬೇರೆ ಕಡೆ. ಹದಿನೆಂಟು ಪರ್ವದ ಭಾರತವನ್ನು ಅವನು ಹತ್ತೇ ಪರ್ವಕ್ಕೆ ನಿಲ್ಲಿಸಿಬಿಟ್ಟ. ಗದಾಪರ್ವದ ಕೊನೆಯಲ್ಲಿ ಪಟ್ಟಾಭಿಷೇಕ, ಅಲ್ಲಿಗೆ ಮಂಗಳ. ಶರಶಯ್ಯೆಯಲ್ಲಿ ಮಲಗಿದ ಭೀಷ್ಮ ಧರ್ಮರಾಯನಿಗೆ ಹೇಳುವ ರಾಜನೀತಿ ಇಲ್ಲ, ಅಶ್ವಮೇಧ ಇಲ್ಲ, ಹಿಮಾಲಯದ ಕಡೆಗಿನ ಆ ಕೊನೆಯ ನಡಿಗೆಯೂ ಇಲ್ಲ.

ಜನ ಇದಕ್ಕೆ ಕತೆ ಕಟ್ಟಿದ್ದಾರೆ. ನಾರಣಪ್ಪ ವೀರನಾರಾಯಣನ ಗುಡಿಯ ಕೊಳದಲ್ಲಿ ಮಿಂದು ಬಂದು, ಉಟ್ಟ ಒದ್ದೆಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ. (ವಾರದ ಗಡುವಿಗೆ ಚಿತ್ರ ಬರೆಯುತ್ತಿದ್ದ ಆನೋನ ಬಳಗ ಈ ಮಾತನ್ನು ಕೇಳಿದ್ದರೆ ತಲೆದೂಗುತ್ತಿತ್ತು.) ಇನ್ನೊಂದು ಐತಿಹ್ಯದಲ್ಲಿ ಚಿರಂಜೀವಿ ಅಶ್ವತ್ಥಾಮನೇ ಬರುತ್ತಾನೆ, ಒಂದು ಕರಾರಿನ ಮೇಲೆ ಕತೆ ಹೇಳಲು ಒಪ್ಪುತ್ತಾನೆ, ಗದಾಪರ್ವದ ಹೊತ್ತಿಗೆ ಕರಾರು ಮುರಿಯುತ್ತದೆ, ಕತೆ ನಿಲ್ಲುತ್ತದೆ. ಕರಾರು ಏನು, ಮುರಿದದ್ದು ಹೇಗೆ ಎಂಬುದು ಹೇಳುವವರ ಬಾಯಲ್ಲಿ ಬೇರೆಬೇರೆಯಾಗುತ್ತದೆ. ಎಲ್ಲ ಪಾಠಗಳೂ ಒಪ್ಪುವ ಸಂಗತಿ ಒಂದೇ: ಕವಿ ಬೇಕೆಂದು ನಿಲ್ಲಿಸಲಿಲ್ಲ, ಏನೋ ತಪ್ಪಾಯಿತು.

ನನಗೆ ಹಾಗನ್ನಿಸುವುದಿಲ್ಲ. ಪಂಪ ರನ್ನರಿಗೆ ಕೇಳಿದ ಪ್ರಶ್ನೆಯನ್ನೇ ಇವನಿಗೂ ಕೇಳಿನೋಡಿ: ಇದು ಯಾರಿಗಾಗಿ ಬರೆದದ್ದು? ಇವನಿಗೆ ಅರಸನ ಆಶ್ರಯವಿಲ್ಲ. ಗದುಗಿನ ವೀರನಾರಾಯಣನೇ ಒಡೆಯ. ಆ ದೇವರೇ ಕವಿ, ತಾನು ಬರೆದುಕೊಳ್ಳುವವನು ಮಾತ್ರ ಎಂದವನು, ಹೇಳಹೊರಟದ್ದು ಕೃಷ್ಣನ ಕತೆ ಎಂದು ಆರಂಭದಲ್ಲೇ ಸಾರಿದವನು. ಈಗ ಅವನು ಬಿಟ್ಟ ಭಾಗದಲ್ಲಿ ಏನಿದೆ ನೋಡಿ. ಮೌಸಲಪರ್ವದಲ್ಲಿ ಯಾದವರು ತಮ್ಮತಮ್ಮಲ್ಲೇ ಬಡಿದಾಡಿ ಸಾಯುತ್ತಾರೆ. ಕಾಡಿನಲ್ಲಿ ಮಲಗಿದ್ದ ಕೃಷ್ಣ ಒಬ್ಬ ಬೇಡನ ಬಾಣಕ್ಕೆ ಬೀಳುತ್ತಾನೆ. ದ್ವಾರಕೆಯ ಹೆಂಗಸರನ್ನು ಕರೆತರುವ ಅರ್ಜುನನನ್ನು ದಾರಿಗಳ್ಳರು ಸೋಲಿಸುತ್ತಾರೆ. ಗಾಂಡೀವ ಮಾತು ಕೇಳುವುದಿಲ್ಲ. ಕೃಷ್ಣನೇ ಕತೆ ಹೇಳುತ್ತಿದ್ದಾನೆ, ನಾನು ಬರೆದುಕೊಳ್ಳುತ್ತಿದ್ದೇನೆ ಎಂದು ನಂಬಿದ ಕವಿ ಈ ಭಾಗವನ್ನು ಯಾರ ಬಾಯಿಂದ ಕೇಳಿ ಬರೆದುಕೊಳ್ಳಬೇಕು?

ವಿಜಯನಗರದ ಕೃಷ್ಣದೇವರಾಯನಿಗೆ ಈ ಮುಕ್ತಾಯ ಸಾಲದೆಹೋಯಿತು. 1509ರಿಂದ 1529ರವರೆಗೆ ಆಳಿದ ಆ ಅರಸ ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿಯಿಂದ ಬರೆಸಿದ. ತೆಲುಗಿನಲ್ಲಿ ಇದಕ್ಕೆ ಮೇಲ್ಪಂಕ್ತಿ ಇತ್ತು: ಹನ್ನೊಂದನೆಯ ಶತಮಾನದಲ್ಲಿ ನನ್ನಯ ಅರಣ್ಯಪರ್ವದ ನಡುವೆ ನಿಲ್ಲಿಸಿದ ಭಾರತವನ್ನು ತಿಕ್ಕನ ವಿರಾಟಪರ್ವದಿಂದ ಹಿಡಿದು ಮುಗಿಸಿದ, ನಡುವೆ ಉಳಿದ ತೂತನ್ನು ಹದಿನಾಲ್ಕನೆಯ ಶತಮಾನದಲ್ಲಿ ಎರ್ರನ ಮುಚ್ಚಿದ. ತಿಮ್ಮಣ್ಣನೂ ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲೇ ಶಾಂತಿಪರ್ವದಿಂದ ಕೊನೆಯವರೆಗೆ ಹೇಳಿದ. ರಾಜ್ಯಭಾರ ಮಾಡುವವನಿಗೆ ಶಾಂತಿಪರ್ವ ಬೇಕೇಬೇಕು; ಕೃಷ್ಣದೇವರಾಯ ತಾನೇ ಬರೆದ ತೆಲುಗಿನ 'ಆಮುಕ್ತಮಾಲ್ಯದ'ದಲ್ಲೂ ರಾಜನೀತಿಯ ಭಾಗವಿದೆ. ಆದರೆ ಗಮಕಿಗಳ ಬಾಯಲ್ಲಿ ತಿಮ್ಮಣ್ಣ ನಿಲ್ಲಲಿಲ್ಲ. ಮಳೆ ಬಾರದಿದ್ದರೆ ಊರವರು ಓದಿಸುವುದು ಕುಮಾರವ್ಯಾಸನ ವಿರಾಟಪರ್ವವನ್ನು. ಯುದ್ಧದ ನಂತರದ ಕತೆ ಬೇಕೆನಿಸಿದವರು ಲಕ್ಷ್ಮೀಶನ 'ಜೈಮಿನಿ ಭಾರತ'ಕ್ಕೆ ಹೋದರು. ಕೇಳುವವರು ಕೊರತೆಯಿದೆಯೆಂದು ದೂರಲಿಲ್ಲ, ಅರಸ ದೂರಿದ.

ಇಷ್ಟು ಟಿಪ್ಪಣಿ ಮಾಡಿಕೊಂಡ ಮೇಲೆ ಆ ಇಪ್ಪತ್ತಾರನೆಯ ಕಂತನ್ನು ಮತ್ತೆ ನೋಡಿದೆ. ಈ ಸಲ ಚಪ್ಪಾಳೆಯ ದೃಶ್ಯ ವಿಚಿತ್ರವೆನಿಸಲಿಲ್ಲ. ಒಬ್ಬ ನಡುವೆ, ಬೇಕಾದವರು ಬೇಡವಾದವರು ಎಲ್ಲ ಸುತ್ತ, ಒಬ್ಬೊಬ್ಬರಾಗಿ ಶುಭ ಕೋರುವುದು. ರಾಮಾಯಣದ ಪಾರಾಯಣ ಮುಗಿಯುವ ದಿನ ಗೋಡೆಗೆ ಒರಗಿಸಿಡುವ ಪಟ್ಟಾಭಿಷೇಕದ ಪಟ ಹೀಗೆಯೇ ಇರುತ್ತದೆ. ರಾಜ್ಯವಿಲ್ಲದ ಹುಡುಗನಿಗೆ ಆನೋ ಪಟ್ಟ ಕಟ್ಟಿದ, ಮೌಸಲಪರ್ವವನ್ನು ಬಿಟ್ಟ.

ಜಪಾನಿನ ಪ್ರೇಕ್ಷಕರು ನಮ್ಮ ಕೇಳುಗರಷ್ಟು ತಾಳ್ಮೆಯವರಾಗಿರಲಿಲ್ಲ. ಬೈಗುಳದ ಪತ್ರಗಳು ಬಂದವು. 1997ರ ಜುಲೈಯಲ್ಲಿ ಆನೋ 'ದಿ ಎಂಡ್ ಆಫ್ ಎವಾಂಗೆಲಿಯನ್' ಎಂಬ ಸಿನಿಮಾ ಕೊಟ್ಟು ಬಿಟ್ಟದ್ದನ್ನೆಲ್ಲ ತೋರಿಸಿದ. ಜಗತ್ತು ಕರಗಿ ಕೆಂಪು ಕಡಲಾಗುತ್ತದೆ, ದಡದಲ್ಲಿ ಇಬ್ಬರು ಉಳಿಯುತ್ತಾರೆ, ಹುಡುಗಿಯ ಒಂದು ಅಸಹ್ಯದ ಮಾತಿಗೆ ತೆರೆ ಬೀಳುತ್ತದೆ. ತನಗೆ ಬಂದ ಬೈಗುಳಗಳನ್ನೂ ಸಿನಿಮಾದೊಳಗೆ ಮಿಂಚಿಸಿಬಿಟ್ಟ. ಕೇಳಿದಿರಲ್ಲ, ತಗೊಳ್ಳಿ ಎಂಬಂತೆ. ಅರಸ ಕೇಳಿದ್ದಕ್ಕೆ ತಿಮ್ಮಣ್ಣ ವಿಧೇಯನಾಗಿ ಬರೆದ. ಆನೋ ಸಿಟ್ಟಿನಿಂದ ಬರೆದ.

2007ರಿಂದ ಅದೇ ಕತೆಯನ್ನು ನಾಲ್ಕು ಸಿನಿಮಾಗಳಲ್ಲಿ ಅವನು ಮತ್ತೆ ಹೇಳಿದ. ಕೊನೆಯದು 2021ರ ಮಾರ್ಚ್ 8ರಂದು ಬಂತು, ಮೊದಲ ಮುಕ್ತಾಯದಿಂದ ಲೆಕ್ಕ ಹಾಕಿದರೆ ಇಪ್ಪತ್ತೈದು ವರ್ಷ. ಅದರಲ್ಲಿ ಅಪ್ಪ ಮಗ ರೈಲಿನ ಬೋಗಿಯೊಂದರಲ್ಲಿ ಕಡೆಗೂ ಮಾತಾಡುತ್ತಾರೆ. ಮಾತು ಮುಗಿದ ಮೇಲೆ ಅಪ್ಪ ಇಳಿದುಹೋಗುತ್ತಾನೆ. ಕಟ್ಟಕಡೆಯಲ್ಲಿ ಬರೆದ ಚಿತ್ರ ಹೋಗಿ ನಿಜವಾದ ಊರು ಕಾಣುತ್ತದೆ. ಅದು ಉಬೆ, ಆನೋ ಹುಟ್ಟಿದ ಊರು, ಕಲ್ಲಿದ್ದಲು ಸಿಮೆಂಟು ರಾಸಾಯನಿಕಗಳ ಊರು. ಅಲ್ಲಿನ ರೈಲು ನಿಲ್ದಾಣ, ಆಚೆ ಕಾರ್ಖಾನೆಗಳ ಚಿಮಣಿಗಳು.

ತಮ್ಮ ಅದನ್ನೂ ನೋಡಿದ. ಒಂದು ಸಂಜೆ ಇಬ್ಬರೂ ಜಾಲಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ನಿಂತಿದ್ದೆವು. ಅವನು ಪಾಳಿಗೆ ಹೊರಟಿದ್ದ, ಪೀಣ್ಯ ಇಂಡಸ್ಟ್ರಿ ಮುಂದಿನದೇ ನಿಲ್ದಾಣ. ಕೆಳಗೆ ತುಮಕೂರು ರಸ್ತೆಯಲ್ಲಿ ಲಾರಿಗಳ ಸಾಲು. ರೈಲಿನ ದೃಶ್ಯ ಹೇಗನ್ನಿಸಿತು ಎಂದು ಕೇಳಿದೆ. "ಚೆನ್ನಾಗಿತ್ತು" ಎಂದ. ಅಷ್ಟೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಬರೆಯುತ್ತಿರುವುದೇನು ಎಂದು ಕೇಳಿದ. ಪಂಪನ ಪಟ್ಟಾಭಿಷೇಕದ ಕತೆ ಹೇಳಿದೆ, ಅರಿಕೇಸರಿ, ಯದುವಂಶ, ಸುಭದ್ರೆ ಎಲ್ಲ. ಗಮನವಿಟ್ಟು ಕೇಳಿದ.

"ಅಲ್ಲಕ್ಕ, ಸುಭದ್ರೆ ಯಾಕೆ ಕೂತ್ಳು ಅನ್ನೋದು ಗೊತ್ತಾಯ್ತು. ವನವಾಸ ಮಾಡಿದ್ದು, ಸೀರೆ ಎಳೆಸಿಕೊಂಡಿದ್ದು ದ್ರೌಪದಿ ತಾನೇ? ಆವತ್ತು ಅವಳಿಗೆ ಹೆಂಗಾಗಿರಬೇಕು?"

ರೈಲು ಬಂತು. ಬರ್ತೀನಕ್ಕ ಎಂದು ಹತ್ತಿಹೋದ. ಮನೆಗೆ ಬಂದು 'ವಿಕ್ರಮಾರ್ಜುನ ವಿಜಯ'ದ ಕೊನೆಯ ಆಶ್ವಾಸವನ್ನು ತೆಗೆದು ಕೂತೆ.