ಕರ್ತೃಪದದ ಕಣ್ಮರೆ: ರಾಷ್ಟ್ರರಕ್ಷಣೆಯ ರಾಜಕೀಯ ನುಡಿಯ ಚರಿತ್ರೆಯಲ್ಲೊಂದು ಎಳೆ

ಸಾಮಾಜಿಕ ಜಾಲತಾಣಗಳಿಗೆ ಬಂದ ಮೇಲೆ ರಾಷ್ಟ್ರರಕ್ಷಣೆಯನ್ನು ಕುರಿತ ರಾಜಕಾರಣಿಗಳ ನುಡಿ ಉಗ್ರವಾಯಿತು ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಈ ಅಭಿಪ್ರಾಯ ಪದಕೋಶವನ್ನು ಆಧರಿಸಿದ್ದು. ವಾಕ್ಯರಚನೆಯತ್ತ ಗಮನ ಹರಿಸಿದರೆ ಇನ್ನೊಂದು ಬದಲಾವಣೆ ಗೋಚರಿಸುತ್ತದೆ: ಸೇನಾ ಕ್ರಮವನ್ನು ಹೇಳುವ ವಾಕ್ಯದಲ್ಲಿ ಕರ್ತೃಪದದ ಸ್ಥಾನವೇ ಸಡಿಲಗೊಂಡಿದೆ. ಭಾರತದ ಕೆಲವು ಸಾರ್ವಜನಿಕ ಹೇಳಿಕೆಗಳ ಮೂಲಕ ಆ ಬದಲಾವಣೆಯ ಚರಿತ್ರೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಧಿಕೃತ ಪ್ರಕಟಣೆಗಳನ್ನು ಗಮನಿಸೋಣ. 1998ರ ಮೇ 11ರಂದು ಪ್ರಧಾನಿ ವಾಜಪೇಯಿ ಪೋಖರಣ್ ಪರೀಕ್ಷೆಗಳನ್ನು ಪ್ರಕಟಿಸಿದಾಗ ಅವರ ವಾಕ್ಯದ ಕರ್ತೃ 'ಭಾರತ'. ಉರಿ ದಾಳಿಯ ನಂತರ, 2016ರ ಸೆಪ್ಟೆಂಬರ್ 29ರಂದು ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಗಡಿ ನಿಯಂತ್ರಣ ರೇಖೆಯ ಬಳಿಯ 'ಸರ್ಜಿಕಲ್ ಸ್ಟ್ರೈಕ್' ಕುರಿತು ಪತ್ರಿಕಾಗೋಷ್ಠಿ ನಡೆಸಿದಾಗ ಕರ್ತೃ 'ಭಾರತೀಯ ಸೇನೆ'. 2019ರ ಫೆಬ್ರವರಿ 26ರಂದು ವಿದೇಶಾಂಗ ಕಾರ್ಯದರ್ಶಿ ವಿಜಯ ಗೋಖಲೆ ಅವರು ಬಾಲಾಕೋಟ್ ದಾಳಿಯನ್ನು 'ಸೈನ್ಯೇತರ ಮುಂಜಾಗ್ರತಾ ಕ್ರಮ' ಎಂದು ವರ್ಣಿಸಿದರು. ಯುದ್ಧವಿಮಾನಗಳು ನಡೆಸಿದ ದಾಳಿಗೆ 'ಸೈನ್ಯೇತರ' ಎಂಬ ವಿಶೇಷಣ ಹಚ್ಚಿದ್ದು ರಾಜತಾಂತ್ರಿಕ ನುಡಿಯ ಒಂದು ವಿಶಿಷ್ಟ ಉದಾಹರಣೆ. ಗುರಿ ಪಾಕಿಸ್ತಾನದ ಸೇನೆಯಲ್ಲ ಎಂಬುದೇ ಅದರ ಇಂಗಿತ. ಆದರೂ ಆ ಹೇಳಿಕೆಯಲ್ಲಿ ದಾಳಿ ಮಾಡಿದ್ದು ಯಾರು ಎಂಬುದರ ಬಗ್ಗೆ ಸಂದೇಹವಿಲ್ಲ: ಅಲ್ಲಿಯೂ ಕರ್ತೃ 'ಭಾರತ'. ವಿಶೇಷಣ ಮಸುಕಾಗಿದ್ದರೂ ಹೊಣೆ ಸ್ಪಷ್ಟವಾಗಿತ್ತು.

ರಾಜಕೀಯ ಪ್ರಚಾರದ ನುಡಿ ಈ ಹೊತ್ತಿಗೆ ಬೇರೆ ದಾರಿ ಹಿಡಿದಿತ್ತು. 'ಸರ್ಜಿಕಲ್ ಸ್ಟ್ರೈಕ್' ಎಂಬ ನಾಮಪದಪುಂಜ ಕೆಲವೇ ವಾರಗಳಲ್ಲಿ ಸೇನೆಯಿಂದ ಬಿಡುಗಡೆ ಪಡೆದು, 2016ರ ನವೆಂಬರ್ 8ರ ನೋಟು ರದ್ದತಿಯನ್ನು 'ಕಪ್ಪುಹಣದ ಮೇಲಿನ ಸರ್ಜಿಕಲ್ ಸ್ಟ್ರೈಕ್' ಎನ್ನಲು ಬಳಕೆಯಾಯಿತು. ಕನ್ನಡದಲ್ಲಿ 'ನಿರ್ದಿಷ್ಟ ದಾಳಿ' ಎಂಬ ಅನುವಾದವೂ ಇತ್ತು. ಆದರೆ ರೂಪಕವಾಗಿ ಹಬ್ಬಿದ್ದು ಎರವಲು ಪದವೇ. ಕ್ರಿಯಾಪದವನ್ನು ಕಳೆದುಕೊಂಡ ಕ್ರಿಯೆಗೆ ಕರ್ತೃವಿನ ಅಗತ್ಯವಿಲ್ಲ. ಅದನ್ನು ಯಾರು ಬೇಕಾದರೂ ತಮ್ಮದಾಗಿಸಿಕೊಳ್ಳಬಹುದು.

2019ರ ಚುನಾವಣಾ ಕಾಲದಲ್ಲಿ ಜಾಲತಾಣಗಳಲ್ಲಿ ಹರಡಿದ 'ಘರ್ ಮೇಂ ಘುಸ್ ಕೇ ಮಾರೇಂಗೇ' ಎಂಬ ಹಿಂದಿ ಘೋಷಣೆ ಇನ್ನಷ್ಟು ಸೂಕ್ಷ್ಮ ವಿಶ್ಲೇಷಣೆಯನ್ನು ಬೇಡುತ್ತದೆ. ಹಿಂದಿಯ ಭವಿಷ್ಯತ್ಕಾಲದ 'ಮಾರೇಂಗೇ' ರೂಪ ಉತ್ತಮಪುರುಷ ಬಹುವಚನಕ್ಕೂ ಪ್ರಥಮಪುರುಷ ಬಹುವಚನಕ್ಕೂ ಒಂದೇ. ಭೂತಕಾಲದ 'ಮಾರಾ' ರೂಪದಲ್ಲಂತೂ ಪುರುಷಸೂಚನೆಯೇ ಇಲ್ಲ. 'ನೇ' ಪ್ರತ್ಯಯದ ಕರ್ತೃವನ್ನು ಬಿಟ್ಟರೆ ಹೊಡೆದವರು ನಾವೋ ಅವರೋ ಎಂಬುದು ತಿಳಿಯದು. ಕನ್ನಡದಲ್ಲಿ ಈ ಅನುಕೂಲವಿಲ್ಲ. 'ಮನೆಗೆ ನುಗ್ಗಿ ಹೊಡೆದೆವು' ಅಥವಾ 'ಹೊಡೆದರು': ಕರ್ತೃಪದವನ್ನು ಕೈಬಿಟ್ಟರೂ ಆಖ್ಯಾತ ಪ್ರತ್ಯಯ ಅದನ್ನು ಹೇಳಿಬಿಡುತ್ತದೆ. ಆದ್ದರಿಂದ ಹಿಂದಿ ಘೋಷಣೆಯನ್ನು ಕನ್ನಡಕ್ಕೆ ತರುವವರು ಒಂದು ರಾಜಕೀಯ ನಿರ್ಧಾರಕ್ಕೆ ಬರಲೇಬೇಕು, ಇಲ್ಲವೇ 'ದಾಳಿ ನಡೆಸಲಾಗಿದೆ' ಎಂಬ ಕಚೇರಿಗನ್ನಡದ ಮೊರೆಹೋಗಬೇಕು.

'ಹೊಡೆದೆವು' ಎಂದ ಮಾತ್ರಕ್ಕೆ ಎಲ್ಲವೂ ಇತ್ಯರ್ಥವಾಗುವುದೂ ಇಲ್ಲ. ತಮಿಳಿನ 'ನಾಮ್'–'ನಾಂಗಳ್', ತೆಲುಗಿನ 'ಮನಂ'–'ಮೇಮು', ತುಳುವಿನ 'ನಮ'–'ಎಂಕುಳು' ಜೋಡಿಗಳು ಕೇಳುಗನನ್ನು ಒಳಗೊಳ್ಳುವ ಮತ್ತು ಹೊರಗಿಡುವ 'ನಾವು'ಗಳನ್ನು ಬೇರ್ಪಡಿಸುತ್ತವೆ. ಹಿಂದಿಯ 'ಹಮ್'ನಂತೆ ಆಧುನಿಕ ಕನ್ನಡದ 'ನಾವು' ಈ ಭೇದವನ್ನು ಮಾಡುವುದಿಲ್ಲ. ಸರ್ಕಾರವೋ, ಪಕ್ಷವೋ, ಓದುಗನನ್ನೂ ಸೇರಿಸಿಕೊಂಡ ದೇಶವೋ ಎಂಬುದನ್ನು ತೀರ್ಮಾನಿಸದೆಯೇ ಅದು ಮೂರನ್ನೂ ಸೂಚಿಸಬಲ್ಲದು. ರೇಡಿಯೊ ಭಾಷಣದಲ್ಲಿ ಮಾತನಾಡುವವರ ಪದವಿ ಈ ಸಂದಿಗ್ಧವನ್ನು ಮಿತಗೊಳಿಸುತ್ತಿತ್ತು. ಜಾಲತಾಣದಲ್ಲಿ ಪ್ರಧಾನಿಯ ವಾಕ್ಯವನ್ನು ಅಭ್ಯರ್ಥಿಯೂ ಅಭಿಮಾನಿಯೂ ಯಥಾವತ್ತಾಗಿ ಮರುಹಂಚಿಕೊಳ್ಳುತ್ತಾರೆ. ಪ್ರತಿ ಹಂಚಿಕೆಯಲ್ಲೂ 'ನಾವು' ಹೊಸ ಯಜಮಾನನನ್ನು ಪಡೆಯುತ್ತದೆ.

2019ರ ಮಾರ್ಚ್‌ನಲ್ಲಿ ಪ್ರಧಾನಿ ಮೋದಿ ತಮ್ಮ ಟ್ವಿಟರ್ ಹೆಸರಿನ ಮುಂದೆ 'ಚೌಕೀದಾರ್' ಎಂದು ಸೇರಿಸಿಕೊಂಡರು. ಮೇ 23ರಂದು ಫಲಿತಾಂಶ ಬಂದ ದಿನ ತೆಗೆದರು. 'ಮೈಂ ಭೀ ಚೌಕೀದಾರ್' ಘೋಷಣೆಯ 'ಭೀ', ಅಂದರೆ ಕನ್ನಡದ 'ನಾನೂ' ಎಂಬಲ್ಲಿನ 'ಊ', ಇನ್ನೊಬ್ಬ ಕಾವಲುಗಾರ ಈಗಾಗಲೇ ಇದ್ದಾನೆಂದು ಪೂರ್ವಭಾವಿಸುತ್ತದೆ. ಅದಕ್ಕೂ ಮೊದಲೇ ಬಳಕೆಗೆ ಬಂದಿದ್ದ ರಾಹುಲ್ ಗಾಂಧಿಯವರ 'ಚೌಕೀದಾರ್ ಚೋರ್ ಹೈ' ಎಂಬ ಘೋಷಣೆಯೂ ಆ ಪೂರ್ವಭಾವನೆಯನ್ನು ಅಲ್ಲಗಳೆದಿರಲಿಲ್ಲ. ಚೌಕೀದಾರ ಒಬ್ಬನೇ, ಅವನು ಯಾರೆಂಬುದು ಎಲ್ಲರಿಗೂ ಗೊತ್ತು ಎಂದು ಒಪ್ಪಿಕೊಂಡೇ ಆರೋಪ ಮಾಡಿತು. ಕಾವಲಿನ ಕರ್ತೃತ್ವ ಸಂಸ್ಥೆಯಿಂದ ವ್ಯಕ್ತಿಗೆ ಸರಿಯುವುದಕ್ಕೆ ಎರಡು ಪಕ್ಷಗಳೂ ನೆರವಾದವು.

ಕರ್ತೃಲೋಪ ಆಡಳಿತ ಪಕ್ಷದ ಸ್ವತ್ತಲ್ಲ. 2020ರ ಜೂನ್ 15ರ ಗಾಲ್ವಾನ್ ಸಂಘರ್ಷದಲ್ಲಿ 20 ಭಾರತೀಯ ಯೋಧರು ಮಡಿದ ಮೇಲೆ, ನಮ್ಮ ಸೈನಿಕರನ್ನು ಏಕೆ ಕೊಲ್ಲಲಾಯಿತು, ಎಲ್ಲಿ ಕೊಲ್ಲಲಾಯಿತು ಎಂದು ರಾಹುಲ್ ಗಾಂಧಿ ಟ್ವಿಟರ್‌ನಲ್ಲಿ ಕೇಳಿದರು. ಅಲ್ಲಿಯೂ ಕೊಂದವರ ಹೆಸರಿಲ್ಲ. ಆದರೆ ಪ್ರಶ್ನೆ ಉತ್ತರಿಸಬೇಕಾದವರನ್ನು ಸೃಷ್ಟಿಸುತ್ತದೆ, ಘೋಷಣೆ ಸೃಷ್ಟಿಸುವುದಿಲ್ಲ.

2025ರ ಮೇ 7ರ 'ಆಪರೇಷನ್ ಸಿಂಧೂರ'ದ ವೇಳೆಗೆ ಎರಡು ನುಡಿಪ್ರಕಾರಗಳೂ ಒಂದೇ ರಾತ್ರಿ ಅಕ್ಕಪಕ್ಕ ಕಾಣಿಸಿಕೊಂಡವು. ಸರ್ಕಾರದ ಪತ್ರಿಕಾ ಪ್ರಕಟಣೆಯಲ್ಲಿ ಕರ್ತೃವಾಗಿ 'ಭಾರತೀಯ ಸಶಸ್ತ್ರ ಪಡೆಗಳು' ಇದ್ದವು. ಸೇನೆಯ ಅಧಿಕೃತ ಖಾತೆಯಲ್ಲಿಯಾದರೋ 'ನ್ಯಾಯ ಸಂದಿದೆ' ಎಂಬರ್ಥದ, ಕರ್ತೃವಿಲ್ಲದ ಪುಟ್ಟ ಇಂಗ್ಲಿಷ್ ಕರ್ಮಣಿ ವಾಕ್ಯ ಜೈಹಿಂದ್ ಘೋಷದೊಡನೆ ಬಂತು. 2016ರಲ್ಲಿ ಸೇನೆಯ ನುಡಿಯನ್ನು ರಾಜಕೀಯ ಎರವಲು ಪಡೆದಿತ್ತು. ಒಂಬತ್ತು ವರ್ಷಗಳ ಬಳಿಕ ಘೋಷಣೆಯ ವಾಕ್ಯರೂಪ ಸೇನೆಯ ಖಾತೆಗೇ ಬಂದು ನೆಲೆಸಿತ್ತು.

ಈ ಬದಲಾವಣೆಯನ್ನು ಕೇವಲ ಶೈಲಿಯ ವಿಷಯವೆಂದು ತಳ್ಳಿಹಾಕಲಾಗದು. 2019ರ ಮಾರ್ಚ್ 9ರಂದು ಚುನಾವಣಾ ಆಯೋಗವು ಯೋಧರ ಭಾವಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂಬ ತನ್ನ 2013ರ ಸೂಚನೆಯನ್ನು ಪುನರುಚ್ಚರಿಸಿತು. ಅದೇ ಚುನಾವಣೆಯಲ್ಲಿ ಯೋಗಿ ಆದಿತ್ಯನಾಥರು ಸೇನೆಯನ್ನು 'ಮೋದೀಜಿ ಕೀ ಸೇನಾ' ಎಂದಾಗ ಎಚ್ಚರಿಕೆಯಿಂದ ಮಾತನಾಡುವಂತೆ ತಿಳಿಸಿತು. ಅಲ್ಲಿ ಷಷ್ಠೀ ವಿಭಕ್ತಿ ಒಡೆತನವನ್ನು ಬಹಿರಂಗವಾಗಿ ನುಡಿದಿತ್ತು, ಹಾಗಾಗಿ ಆಕ್ಷೇಪ ಸಾಧ್ಯವಾಯಿತು. ಕರ್ತೃಲೋಪವೂ ಸಂದಿಗ್ಧ 'ನಾವು'ವೂ ಅದೇ ಒಡೆತನವನ್ನು ನುಡಿಯದೆ ಸಾಧಿಸುತ್ತವೆ. ಭಾವಚಿತ್ರಕ್ಕೋ ವಿಭಕ್ತಿಗೋ ಅನ್ವಯಿಸುವ ನಿಯಮ ಅವುಗಳನ್ನು ಮುಟ್ಟದು. ಹೀಗಿರುವಾಗ ದ್ವೇಷದ ಪದಗಳನ್ನು ಎಣಿಸುವ ವಿಧಾನಗಳ ಜೊತೆಗೆ, ಕರ್ತೃ, ಪುರುಷ ಮತ್ತು ಪ್ರಯೋಗಗಳನ್ನು ಭಾಷೆಯಿಂದ ಭಾಷೆಗೆ ಹೋಲಿಸುವ ಅಧ್ಯಯನವೂ ನಡೆಯಬೇಕಾಗಿದೆ. ಒಂದೇ ಘೋಷಣೆ ಹಿಂದಿಯಿಂದ ಕನ್ನಡಕ್ಕೆ, ತಮಿಳಿಗೆ, ತುಳುವಿಗೆ ದಾಟುವಾಗ ಯಾವ ಪ್ರತ್ಯಯವನ್ನು ತೊಡುತ್ತದೆ ಎಂಬುದು, ದೇಶದ ಸೇನೆಯ ಕಾರ್ಯವನ್ನು ಯಾರು ತಮ್ಮದೆಂದು ಹೇಳಿಕೊಳ್ಳುತ್ತಿದ್ದಾರೆ ಎಂಬುದರ ದಾಖಲೆಯೂ ಹೌದು.